ಗೋಡೆ ಒರೆಸುವ ಹಿಟ್ಟು

ಓಹಾಯೋದ ಕೊಲಂಬಸ್‌ನಲ್ಲಿ ಆನ್‌ಸೈಟ್ ಇದ್ದಾಗಿನ ಮಾತು. ಜನವರಿ, ಹೊರಗೆ ಮೈನಸ್ 14 ಡಿಗ್ರಿ. ಮೂರು ವರ್ಷದ ಮಗಳು ನಾಲ್ಕು ದಿನದಿಂದ ಅಪಾರ್ಟ್‌ಮೆಂಟಿನ ಬಾಗಿಲು ದಾಟಿರಲಿಲ್ಲ. ಸೋಫಾ ಮೇಲಿಂದ ಹಾರಿದ್ದಾಯ್ತು, ಟ್ಯಾಬ್ ನೋಡಿ ಕಣ್ಣು ಕೆಂಪು ಮಾಡಿಕೊಂಡಿದ್ದಾಯ್ತು. ಐದನೇ ದಿನ ನಾನು ಕ್ಲೈಂಟ್ ಜೊತೆ ಮಾತಾಡ್ತಿದ್ದಾಗ ಬಂದು ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು. ಗದರಿಸಿದೆ, ಜೋರಾಗಿಯೇ. ಅತ್ತಿದ್ದರೆ ಎತ್ತಿಕೊಂಡು ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ, ಕಿಟಕಿ ಹತ್ತಿರ ಹೋಗಿ ಹಿಮ ನೋಡುತ್ತ ನಿಂತಳು.

ಆ ರಾತ್ರಿ, ಊರಲ್ಲಿ ಬೆಳಗ್ಗೆ, ಅವ್ವನಿಗೆ ಫೋನ್ ಮಾಡಿದೆ. ಸೆನ್ಸರಿ ಪ್ಲೇ ಅಂತ ಒಂದಿದೆಯಂತೆ, ಮಕ್ಕಳು ಮುಟ್ಟಿ, ಹಿಚುಕಿ, ಮೂಸಿ ಆಡೋ ಸಾಮಾನು ತರಿಸಬೇಕು ಅಂತಿದ್ದೀನಿ ಅಂದೆ. ಅವ್ವ ನಕ್ಕಳು. "ಅಲ್ಲೋ ತಮ್ಮಾ, ಮನ್ಯಾಗ ಹಿಟ್ಟಿಲ್ಲೇನು? ಒಂದು ಉಂಡಿ ನಾದಿ ಕೊಡು ಅಕಿಗೆ. ನಿನಗೇನು ತರಿಸಿ ಕೊಟ್ಟಿದ್ವಿ?"

ನಿಜ, ಏನೂ ತರಿಸಿರಲಿಲ್ಲ. ನಮಗೆ ಎರೆಮಣ್ಣಿತ್ತು. ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಮಣ್ಣು ಹದ ಮಾಡಿ ಎತ್ತು, ಅವಕ್ಕೊಂದು ಗ್ವಾದಲಿ. ಮಳೆ ಹಿಡಿದು ಹೊರಗೆ ಬಿಡದ ದಿನ ರೊಟ್ಟಿ ಬಡಿಯುವ ಅವ್ವನ ಪಕ್ಕ ಕೂತರೆ ಜೋಳದ ಹಿಟ್ಟಿನದೊಂದು ಚೂರು ಸಿಗ್ತಿತ್ತು. ಜೋಳದ ಹಿಟ್ಟಿಗೆ ಜಿಗಿ ಕಡಿಮೆ, ಎತ್ತಿನ ಕೋಡು ನಿಲ್ಲೋದೇ ಇಲ್ಲ. ಆದರೂ ಬಿಡ್ತಿರಲಿಲ್ಲ.

ಮರುದಿನ ಎರಡು ಕಪ್ ಮೈದಾ, ಒಂದು ಕಪ್ ಉಪ್ಪು, ಒಂದಿಷ್ಟು ಎಣ್ಣೆ, ನೀರು, ಚಿಟಿಕೆ ಅರಿಶಿನ ಹಾಕಿ ನಾದಿ ಕೊಟ್ಟೆ. (ಉಪ್ಪು ಇಷ್ಟಿರೋದರಿಂದ ಬಾಯಿಗೆ ಹಾಕದಂತೆ ಪಕ್ಕದಲ್ಲೇ ಕೂತಿರಬೇಕು.) ಒಂದೂವರೆ ತಾಸು ಮನೆಯಲ್ಲಿ ಸದ್ದಿಲ್ಲ. ಪಕ್ಕದಲ್ಲಿ ಕೂತವನು ಫೋನಿನಲ್ಲಿ ಅಂಗಡಿಯ ಪ್ಲೇ-ಡೋ ಹಿಟ್ಟಿನ ಹುಟ್ಟು ಹುಡುಕಿದೆ. ಅದು ಹುಟ್ಟಿದ್ದು ಇದೇ ಓಹಾಯೋದಲ್ಲಿ, ನಮ್ಮ ಮನೆಯಿಂದ ಎರಡು ತಾಸಿನ ದಾರಿಯ ಸಿನ್ಸಿನಾಟಿಯಲ್ಲಿ. ಅದೂ ಇಂಥದೇ ಚಳಿಯ ದೆಸೆಯಿಂದ.

ಆಗ ಅಲ್ಲಿನ ಮನೆಗಳನ್ನು ಬೆಚ್ಚಗಿಡುತ್ತಿದ್ದುದು ಕಲ್ಲಿದ್ದಲು. ಚಳಿಗಾಲ ಪೂರ್ತಿ ಉರಿಸಿದರೆ ಗೋಡೆಗೆಲ್ಲ ಮಸಿ. ಗೋಡೆಗೆ ಅಂಟಿಸಿದ್ದು ಕಾಗದ, ನೀರು ಹಾಕಿ ತೊಳೆಯೋ ಹಾಗಿಲ್ಲ. ಅದಕ್ಕೇ ಹಿಟ್ಟಿನ ಮುದ್ದೆಯಂಥ ಒಂದು ಕ್ಲೀನರ್. ಗೋಡೆ ಮೇಲೆ ಉಜ್ಜಿದರೆ ಮಸಿ ಹಿಟ್ಟಿಗೆ ಹತ್ತುತ್ತಿತ್ತು, ಕೊಳೆಯಾದ ಭಾಗವನ್ನು ಒಳಕ್ಕೆ ನಾದಿ ಮತ್ತೆ ಉಜ್ಜುವುದು. ಕುಟಾಲ್ ಅನ್ನೋ ಸೋಪಿನ ಕಂಪನಿ ಮುಳುಗೋ ಸ್ಥಿತಿಯಲ್ಲಿದ್ದಾಗ, 1933ರಲ್ಲಿ, ಅದರ ಕ್ಲಿಯೋ ಮ್ಯಾಕ್‌ವಿಕರ್ ಕ್ರೋಗರ್ ಅಂಗಡಿಗಳಿಗೆ ಈ ಕ್ಲೀನರ್ ಮಾಡಿಕೊಡ್ತೀವಿ ಅಂತ ಒಪ್ಪಿಕೊಂಡು ಬಂದ. ಮಾಡೋದು ಹೇಗೆ ಅಂತ ಅವರಿಗೇ ಗೊತ್ತಿರಲಿಲ್ಲ! (ನಮ್ಮ ಸೇಲ್ಸ್ ಟೀಮಿನವರು ನೆನಪಾದರೆ ನನ್ನ ತಪ್ಪಲ್ಲ.) ಕೊನೆಗೆ ಹದ ಕಂಡುಹಿಡಿದವನು ಅವನ ಸಹೋದರ ನೋವಾ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆಗಳಿಗೆ ಗ್ಯಾಸು, ಎಣ್ಣೆಯ ಹೀಟರ್ ಬಂದವು, ಮಸಿ ಹೋಯಿತು. ತೊಳೆಯಬಹುದಾದ ವಿನೈಲ್ ವಾಲ್‌ಪೇಪರೂ ಬಂತು. ಆಮೇಲೆ ಹಿಟ್ಟು ಯಾರಿಗೆ ಬೇಕು? ಕ್ಲಿಯೋನ ಮಗ ಜೋ ಕೈಯಲ್ಲಿ ಉಳಿದದ್ದು ಯಾರಿಗೂ ಬೇಡವಾದ ಸರಕು.

ಈ ಕಥೆ ಆಫೀಸಿನ ಟೌನ್‌ಹಾಲ್‌ನಲ್ಲಿ 'ಪಿವಟ್' ಅನ್ನೋ ಸ್ಲೈಡಿನಲ್ಲಿ ಬಂದದ್ದು ಆಮೇಲೆ ನೆನಪಾಯಿತು. ಅಲ್ಲಿ ಹೀರೋ ಜೋ, ಹೊಸ ಮಾರ್ಕೆಟ್ ಕಂಡುಕೊಂಡ ಜಾಣ. ಆದರೆ ಕಂಡದ್ದು ಅವನಿಗಲ್ಲ. ಅವನ ನಾದಿನಿ ಕೇ ಝುಫಾಲ್ ನ್ಯೂಜೆರ್ಸಿಯಲ್ಲಿ ನರ್ಸರಿ ನಡೆಸ್ತಿದ್ದರು. ಮಕ್ಕಳು ಮೆತ್ತಿ ಆಡೋದು ಹೊಸದೇನಲ್ಲ. ಕಿಂಡರ್‌ಗಾರ್ಟನ್ ಶುರು ಮಾಡಿದ ಜರ್ಮನಿಯ ಫ್ರೋಬೆಲ್‌ನ ಪದ್ಧತಿಯಲ್ಲೂ ಜೇಡಿಮಣ್ಣಿನ ಕೆಲಸ ಇತ್ತು. 1897ರಲ್ಲಿ ಇಂಗ್ಲೆಂಡಿನ ಬಾತ್ ಊರಿನ ಡ್ರಾಯಿಂಗ್ ಮೇಷ್ಟ್ರು ವಿಲಿಯಂ ಹಾರ್ಬಟ್ ಒಣಗದ ಪ್ಲಾಸ್ಟಿಸಿನ್ ಮಾಡಿದ. ಆದರೆ ಅದು ಶಿಲ್ಪ ಕಲಿಯುವ ವಿದ್ಯಾರ್ಥಿಗಳಿಗೆ ಅಂತ ಮಾಡಿದ್ದು, ಚಳಿಗೆ ಇನ್ನಷ್ಟು ಬಿಗಿಯಾಗೋ ಸಾಮಾನು. ಮೂರು ವರ್ಷದ ಬೆರಳು ಅದರ ಮುಂದೆ ಸೋಲುತ್ತೆ. ಕೇ ಅವರ ನರ್ಸರಿಯಲ್ಲೂ ಕ್ಲೇ ಮಕ್ಕಳ ಕೈಗೆ ಗಟ್ಟಿಯಾಗ್ತಿತ್ತು. ವಾಲ್‌ಪೇಪರ್ ಕ್ಲೀನರಿನಲ್ಲೂ ಗೊಂಬೆ ಮಾಡಬಹುದು ಅಂತ ಎಲ್ಲೋ ಓದಿ, ಒಂದು ಡಬ್ಬ ತಂದು 1950ರ ದಶಕದ ಮಧ್ಯದ ಒಂದು ಕ್ರಿಸ್‌ಮಸ್‌ಗೆ ಮಕ್ಕಳ ಮುಂದಿಟ್ಟರು. ಮಕ್ಕಳು ಹಿಚುಕಿದರು, ಲಟ್ಟಿಸಿದರು, ಅಲಂಕಾರದ ಸಾಮಾನು ಮಾಡಿದರು. ಆಗ ಜೋನನ್ನು ಕರೆದು ತೋರಿಸಿದರು.

ಅವನು ಶುಚಿ ಮಾಡುವ ಅಂಶ ತೆಗೆಸಿ, ಬಾದಾಮಿ ವಾಸನೆ ಸೇರಿಸಿ, 'ರೇನ್‌ಬೋ ಮಾಡೆಲಿಂಗ್ ಕಾಂಪೌಂಡ್' ಅಂತ ಹೆಸರಿಡೋಕೆ ಹೊರಟಿದ್ದ. ಎಂಜಿನಿಯರ್ ಇಡೋ ಹೆಸರು ಅದು. ಪ್ಲೇ-ಡೋ ಅಂದದ್ದು ಕೇ ಮತ್ತು ಅವರ ಗಂಡ. 1956ರಲ್ಲಿ ಮಾರಾಟಕ್ಕೆ ಬಂದಾಗ ಅದಕ್ಕಿದ್ದದ್ದು ಮಾಸಲು ಬಿಳಿ ಒಂದೇ ಬಣ್ಣ. ಕೆಂಪು, ನೀಲಿ, ಹಳದಿ ಮರುವರ್ಷ ಬಂದವು. 1965ರಲ್ಲಿ ಸಿಕ್ಕ ಪೇಟೆಂಟಿನಲ್ಲಿ ನೋವಾ ಮತ್ತು ಜೋ ಹೆಸರಿದೆ, ಕೇ ಹೆಸರಿಲ್ಲ. ಫಾರ್ಮುಲಾ ಅವರದಲ್ಲ, ಕಾನೂನಿನ ಪ್ರಕಾರ ಸರಿಯೇ ಇರಬಹುದು. ಆದರೂ ಅದರಲ್ಲಿ ಬರೆಯಲು ಬಾರದ ಭಾಗ ಒಂದಿದೆ: ಸಣ್ಣ ಬೆರಳುಗಳ ಹತ್ತಿರ ಕೂತು, ಯಾವುದು ಬಗ್ಗುತ್ತೆ, ಯಾವುದು ಬಗ್ಗಲ್ಲ ಅಂತ ನೋಡಿದ್ದು. ನಾನು ಐದು ದಿನ ಅದನ್ನೇ ಮಾಡಿರಲಿಲ್ಲ.

ಸಂಜೆ ಮಗಳು ಎತ್ತು ಮಾಡಿದಳು. ಹೇಳಿದ್ದರಿಂದ ಎತ್ತು ಅಂತ ಗೊತ್ತಾಯಿತು. ಕಾಲು ಮೂರೇ ಇದ್ದವು, ಡುಬ್ಬ ಮಾತ್ರ ಸರಿಯಾಗಿತ್ತು. ಹೀಟರಿನ ಮುಂದೆ ಒಣಗಲು ಇಟ್ಟೆವು. ಮಲಗುವ ಮುಂಚೆ ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅವ್ವ ಕನ್ನಡಕ ಏರಿಸಿಕೊಂಡು ನೋಡಿ ಕೇಳಿದಳು, "ಎತ್ತೇನೋ ಆತು, ಗ್ವಾದಲಿ ಎಲ್ಲೈತಿ?"

ಮಗಳು ಹಿಟ್ಟಿನ ಡಬ್ಬ ತರಲು ಓಡಿದಳು.