ಪೊನ್ಕುಳಿಯ ಆಚೆ, ಈಚೆ

ಮೈಸೂರಿನಿಂದ ಗುಂಡ್ಲುಪೇಟೆ ಹಾದು ಬರುವ ಬಸ್ಸು ಮೂಲೆಹೊಳೆಯಲ್ಲಿ ಕರ್ನಾಟಕವನ್ನು ಬಿಟ್ಟು ಪೊನ್ಕುಳಿಯಲ್ಲಿ ಕೇರಳಕ್ಕೆ ಬರುತ್ತದೆ. ರಸ್ತೆ ಬದಿಯಲ್ಲೇ ರಾಮನ ಗುಡಿ. ಹತ್ತಿರದಲ್ಲಿ ಸೀತೆಯ ಕಣ್ಣೀರಿನಿಂದ ಆಯಿತೆನ್ನುವ ಕೊಳ. ಕಾಡು ಮಾತ್ರ ಎರಡೂ ಕಡೆ ಒಂದೇ! ಕಾಸರಗೋಡಿಗೆ ಮರಳುವಾಗ ಈ ದಾರಿ ಹಿಡಿದರೆ ನನಗೆ ನೆನಪಾಗುವುದು ಈ ಗಡಿಯ ಶಾಲೆಗಳು.

1994ರಲ್ಲಿ ಡಿಪಿಇಪಿ ಕೇರಳದಲ್ಲಿ ಮೊದಲು ಬಂದದ್ದು ವಯನಾಡು, ಕಾಸರಗೋಡು, ಮಲಪ್ಪುರಂ ಜಿಲ್ಲೆಗಳಿಗೆ. ಆಮೇಲೆ ಪಠ್ಯಪುಸ್ತಕವೂ ಬದಲಾಯಿತು. ಬಾಯಿಪಾಠ ಹೋಗಿ ಚಟುವಟಿಕೆ ಬಂತು. ಅಕ್ಷರಮಾಲೆ ಎಲ್ಲಿ ಹೋಯಿತು ಎಂದು ಹೆತ್ತವರು ಕೇಳಿದರು, ವಿಶ್ವಬ್ಯಾಂಕಿನ ಸಾಲದ ವಿಷಯದಲ್ಲೂ ಜಗಳವಾಯಿತು. ಬದಲಾವಣೆ ಬೇಕಿತ್ತು, ನಿಜ. ಆದರೆ ನಮ್ಮ ಕನ್ನಡ ಶಾಲೆಗಳಿಗೆ ಗಣಿತ, ಪರಿಸರದ ಪಾಠಗಳು ಬಂದದ್ದು ಮಲಯಾಳದಿಂದ ಅನುವಾದವಾಗಿ.

ಇದೇ ಕಾಡಿನ ಆಚೆ, ಪೊನ್ಕುಳಿಯ ಉತ್ತರಕ್ಕೆ, ಹೆಗ್ಗಡದೇವನಕೋಟೆ ತಾಲೂಕು. 1995ರಲ್ಲಿ ಅಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಒಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆಯಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡರು. ಆ ಕಾರ್ಡುಗಳು ತೆಲುಗಿನವು. ಇವರು ಅವನ್ನು ಅನುವಾದಿಸಿ ಕೈತೊಳೆದುಕೊಳ್ಳಲಿಲ್ಲ. ಕೂತು ಕನ್ನಡದಲ್ಲೇ ಹೊಸದಾಗಿ ಬರೆದರು. ಅದೇ ನಲಿ-ಕಲಿ.

ಅದರಲ್ಲಿ ಅ, ಆ, ಇ, ಈ ಇಲ್ಲ. ರ, ಗ, ಸ, ದ, ಅ ಎಂದು ಶುರು. ಯಾಕೆ ಗೊತ್ತೇ? ಐದೇ ಅಕ್ಷರ ಕಲಿತ ಮಗು ಸರ, ಅರಸ, ಅಗಸ, ಗರಗಸ ಓದಿಬಿಡುತ್ತದೆ! ಬರೆಯುವುದಕ್ಕೂ ಇವು ಸುಲಭ. ಮಲಯಾಳ ಪುಸ್ತಕ ಎದುರಿಗಿಟ್ಟುಕೊಂಡು ಅನುವಾದಿಸುವವರಿಗೆ ಇಂಥದ್ದು ಹೊಳೆಯುವುದು ಹೇಗೆ? ಗೋಡೆಯ ಮೇಲೆ ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳ ಕೆಲಸ ತೂಗುವ ಚಪ್ಪರ, ಬೆಂಚಿನ ಬದಲು ನೆಲದಲ್ಲಿ ತಟ್ಟೆ ಎಂಬ ಗುಂಪುಗಳು. ಜ್ವರ ಬಂದು ವಾರ ತಪ್ಪಿದ ಮಗು ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು.

2009-10ರಲ್ಲಿ ನಲಿ-ಕಲಿ ಆದೇಶವಾಗಿ ಇಡೀ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು. ಕಾರ್ಡು ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂತು. ಅದನ್ನು ಬರೆದ ಅನುಭವವನ್ನು ಪೆಟ್ಟಿಗೆಗೆ ತುಂಬಲಾಗುತ್ತದೆಯೇ? ಕೋಟೆಯ ಮೇಷ್ಟ್ರುಗಳಿಗೆ ಇದ್ದ ಹುರುಪು ಎಲ್ಲ ಕಡೆ ಕಾಣಲಿಲ್ಲ ಎಂದರೆ ನನಗೆ ಆಶ್ಚರ್ಯವಿಲ್ಲ.

ನಮ್ಮ ಶಾಲೆಯಲ್ಲಿ ಕಳೆದ ವರ್ಷ ನಾವು ಮೂವರು ಮಾಷ್ಟ್ರುಗಳು ಹಳೆ ಕ್ಯಾಲೆಂಡರ್ ಕತ್ತರಿಸಿ ಆ ಐದು ಅಕ್ಷರಗಳ ಕಾರ್ಡು ಬರೆದೆವು. ತುಳು, ಮಲಯಾಳ ಮನೆಮಾತಿನ ಮಕ್ಕಳೂ ಇದ್ದಾರೆ. ಅರಸನ ಚಿತ್ರ ಬರೆಯುವ ಹೊತ್ತಿಗೆ ಕಿರೀಟ ಯಾರು ಬಿಡಿಸುವುದೆಂದು ಜಗಳ. ಕೊನೆಗೆ ಒಂದನೇ ತರಗತಿಯ ಹುಡುಗಿಯೇ ಬಿಡಿಸಿದಳು.