ನಗರಗಳ ನೀರಿನ ಲೆಕ್ಕ: ಪ್ರಕಟಿತ ಅಂಕಿಗಳ ನಿಖರತೆ ಮತ್ತು ಹೋಲಿಕೆ
ಭಾರತದ ನಗರ ಸ್ಥಳೀಯ ಸಂಸ್ಥೆಗಳ ಕೆಲಸವನ್ನು ಒಂದೇ ಅಳತೆಗೋಲಿನಿಂದ ಅಳೆಯಲು ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಸೇವಾ ಮಟ್ಟದ ಮಾನದಂಡಗಳ ಕೈಪಿಡಿಯನ್ನು ಹೊರತಂದಿತು. ಕುಡಿಯುವ ನೀರು, ಒಳಚರಂಡಿ, ಘನತ್ಯಾಜ್ಯ, ಮಳೆನೀರು ಚರಂಡಿ ಈ ನಾಲ್ಕು ಸೇವೆಗಳಿಗೆ ಅದು 28 ಸೂಚಕಗಳನ್ನು ಗೊತ್ತುಪಡಿಸಿತು. ಇವೇ ಸೇವೆಗಳ ಗುರಿಗಳನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕೆಂಬುದನ್ನು 13ನೇ ಹಣಕಾಸು ಆಯೋಗ ಕಾರ್ಯಸಾಧನೆ ಅನುದಾನದ ಷರತ್ತುಗಳಲ್ಲಿ ಸೇರಿಸಿತು. ಹೀಗೆ ಅನುದಾನದ ಒತ್ತಡದಲ್ಲಿ ಹೊರಬಂದ ಅಂಕಿಗಳ ಹಿಂದೆ ಎಲ್ಲ ಕಡೆಯೂ ಅಳತೆ ಇರಲಿಲ್ಲ.

ನೀರು ಪೂರೈಕೆಯ ಅವಧಿಗೆ ಮಾನದಂಡ ದಿನಕ್ಕೆ 24 ಗಂಟೆ. ಮೂರು ದಿನಕ್ಕೊಮ್ಮೆ 3 ಗಂಟೆ ನೀರು ಬಿಡುವ ಊರಿನ ಸರಾಸರಿ ದಿನಕ್ಕೆ 1 ಗಂಟೆ. ನೀರು ಬಿಟ್ಟ ದಿನವನ್ನಷ್ಟೇ ಹಿಡಿದರೆ ಅದು 3 ಗಂಟೆಯ ಊರಾಗಿ, ದಿನವೂ 2 ಗಂಟೆ ನೀರು ಕೊಡುವ ನೆರೆಯೂರನ್ನು ಕೋಷ್ಟಕದಲ್ಲಿ ಹಿಂದಿಕ್ಕುತ್ತದೆ. ಸುಳ್ಳು ಬರೆದವರು ಯಾರೂ ಇಲ್ಲ. ನಲ್ಲಿ ಸಂಪರ್ಕದ ಶೇಕಡಾವಾರಿನ ಪಾಡೂ ಇದೇ: ಒಟ್ಟು ಮನೆಗಳ ಸಂಖ್ಯೆಯನ್ನು ಆಸ್ತಿ ತೆರಿಗೆ ವಹಿಯಿಂದ ತೆಗೆದುಕೊಂಡರೆ, ವಹಿಗೆ ಏರದ ರೆವಿನ್ಯೂ ಬಡಾವಣೆಗಳು ಹೊರಗುಳಿದಷ್ಟೂ ಸಾಧನೆ ಹೆಚ್ಚಿ ಕಾಣುತ್ತದೆ.

ಎಲ್ಲಕ್ಕಿಂತ ತೊಡಕಿನದು ಲೆಕ್ಕಕ್ಕೆ ಸಿಗದ ನೀರು, ಅಂದರೆ ಉತ್ಪಾದಿಸಿದ ನೀರಿನಲ್ಲಿ ಬಿಲ್ ಆಗದೆ ಹೋಗುವ ಪಾಲು. ಅದು ಶೇ 20ರಷ್ಟಿರಬಹುದು ಎನ್ನುತ್ತದೆ ಮಾನದಂಡ. ಬಲ್ಕ್ ಮೀಟರ್ ಇಲ್ಲದ ಕಡೆ ಪಂಪಿನ ಸಾಮರ್ಥ್ಯವನ್ನು ಅದು ಓಡಿದ ಗಂಟೆಗಳಿಂದ ಗುಣಿಸಿ ಉತ್ಪಾದನೆಯನ್ನು ಕಟ್ಟುತ್ತಾರೆ. ಸವೆದ ಪಂಪು ತನ್ನ ಫಲಕದಲ್ಲಿ ಬರೆದಷ್ಟು ನೀರನ್ನು ಎತ್ತುವುದಿಲ್ಲ. ಮನೆಗಳಿಗೆ ಮೀಟರ್ ಇಲ್ಲದೆ ತಿಂಗಳಿಗಿಷ್ಟು ಎಂದು ವಸೂಲು ಮಾಡುವಲ್ಲಿ ಬಳಕೆಯೂ ಅಂದಾಜೇ. ಎರಡು ಅಂದಾಜುಗಳ ವ್ಯತ್ಯಾಸವನ್ನು ದಶಮಾಂಶದವರೆಗೆ ಮುದ್ರಿಸಿದರೆ ಬರುವುದು ನಿಖರತೆಯ ತೋರಿಕೆ ಮಾತ್ರ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ನಿರಂತರ ನೀರು ಪೂರೈಕೆಯ ಪ್ರಾತ್ಯಕ್ಷಿಕೆ ವಲಯಗಳಲ್ಲಿ ಮನೆಮನೆಗೆ ಮೀಟರ್ ಕೂಡಿಸಿದ ಮೇಲೆ ಈ ನಷ್ಟ ಅಳತೆಗೆ ದಕ್ಕಿತು. ಹಾಗೆ ಅಳೆಯತೊಡಗಿದ ಊರಿನ ನಷ್ಟ, ಅಂದಾಜಿನಲ್ಲೇ ಉಳಿದ ಊರಿನದಕ್ಕಿಂತ ದೊಡ್ಡದಾಗಿ ಕಂಡರೆ ಅದು ಪ್ರಾಮಾಣಿಕತೆಗೆ ತೆರುವ ದಂಡವೇ ಸರಿ.

ಕೈಪಿಡಿಗೆ ಈ ತೊಂದರೆಯ ಅರಿವಿತ್ತು. ಪ್ರತಿ ಸೂಚಕದ ದತ್ತಾಂಶಕ್ಕೂ ‘ಎ’ಯಿಂದ ‘ಡಿ’ವರೆಗೆ ವಿಶ್ವಾಸಾರ್ಹತೆಯ ದರ್ಜೆ ನೀಡಬೇಕೆಂದು ಅದು ವಿಧಿಸಿತು. ಅಂಕಿ ಪಟ್ಟಿಗೆ ಏರಿ ಪತ್ರಿಕೆಗೆ ಬರುವಷ್ಟರಲ್ಲಿ ದರ್ಜೆ ಕಳಚಿಹೋಗಿರುತ್ತದೆ.

ರ‍್ಯಾಂಕಿಂಗ್‌ನಲ್ಲಿ ತೊಡಕು ಇನ್ನೊಂದು ಬಗೆಯದು. ಸ್ವಚ್ಛ ಸರ್ವೇಕ್ಷಣೆಯಲ್ಲಿ 2016ರಲ್ಲಿ 73 ನಗರಗಳಿದ್ದು ಮೈಸೂರು ಮೊದಲ ಸ್ಥಾನದಲ್ಲಿತ್ತು. 2017ರಲ್ಲಿ ನಗರಗಳು 434 ಆದವು, ಮೈಸೂರು 5ನೆಯದಾಯಿತು. ಕಣವೇ ಬದಲಾದಾಗ ಇಷ್ಟರಿಂದಲೇ ಮೈಸೂರಿನ ಕಸ ವಿಲೇವಾರಿ ಹದಗೆಟ್ಟಿತೆಂದು ತೀರ್ಮಾನಿಸಲಾಗದು.

ಪಟ್ಟಿಯಲ್ಲಿ ಪ್ರತಿ ಅಂಕಿಯ ಪಕ್ಕದಲ್ಲೇ ಅದರ ದರ್ಜೆಯನ್ನೂ ಅಚ್ಚು ಹಾಕಬೇಕು. ‘ಡಿ’ ದರ್ಜೆಯ ಅಂಕಿಯನ್ನು ‘ಎ’ ದರ್ಜೆಯದರ ಎದುರು ನಿಲ್ಲಿಸಿ ಅನುದಾನ ಹಂಚುವುದು ಸಲ್ಲದು.