ಚನ್ನಪಟ್ಟಣದ ಉಳಿಗಳು

ಶ್ರೀರಂಗಪಟ್ಟಣವು ಪತನವಾದ ಮರುವರ್ಷ, ಎಂದರೆ 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನೂ, ಮಾಗಡಿಯ ಆಸುಪಾಸಿನಲ್ಲಿ ಕಬ್ಬಿಣದ ಅದಿರನ್ನು ಕರಗಿಸುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಬಣ್ಣದ ಗೊಂಬೆಗಳಿಂದಲೇ ಹೆಸರಾದ ಈ ನಾಡಿನ ಇನ್ನೊಂದು ಮುಖ ಅದು: ಉಕ್ಕಿನ ಗುಣವನ್ನು ಕಣ್ಣಿನಿಂದಲೂ ಕೈಯಿಂದಲೂ ಅರಿತಿದ್ದ ಜನ ಇಲ್ಲಿದ್ದರು. ಗೊಂಬೆಯ ಚರಿತ್ರೆಯನ್ನು ಬರೆಯುವವರು ಟಿಪ್ಪು ಸುಲ್ತಾನನು ಪರ್ಷಿಯದಿಂದ ಕುಶಲಿಗಳನ್ನು ಕರೆಸಿದನೆಂಬ ಪ್ರತೀತಿಯಿಂದ ಆರಂಭಿಸುವರು; ಗೊಂಬೆಯನ್ನು ಕಡೆದ ಉಳಿಯ ಮಾತನ್ನು ಎತ್ತುವವರು ವಿರಳ. ನನ್ನ ಮಟ್ಟಿಗೆ, ಉಳಿಯನ್ನು ಬಿಟ್ಟು ಬರೆದ ಕಸುಬಿನ ಚರಿತ್ರೆ ಅಪೂರ್ಣವೇ ಸರಿ.

ಹಳೆಯ ಕೈಲೇತಿನಲ್ಲಿ ಕುಶಲಿಯು ನೆಲದ ಮೇಲೆ ಕುಳಿತು, ಒಂದು ಕೈಯಿಂದ ಕಮಾನನ್ನು ಎಳೆದು ನೂಕುತ್ತ, ಇನ್ನೊಂದು ಕೈಯಿಂದ ಉಳಿಯನ್ನು ಹಿಡಿದು, ಕಾಲಿನ ಬೆರಳುಗಳಿಂದ ಅದಕ್ಕೆ ಆಸರೆ ಕೊಡುತ್ತಿದ್ದನು. ಕಮಾನಿನ ಹಗ್ಗದಿಂದ ತಿರುಗುವ ಮರವು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ತಿರುಗುವುದರಿಂದ, ಮುಂದಿನ ಸುತ್ತಿನಲ್ಲಿ ಮಾತ್ರ ಉಳಿಯನ್ನು ಒತ್ತಿ, ಹಿಂದಿನ ಸುತ್ತಿನಲ್ಲಿ ಕೂದಲೆಳೆಯಷ್ಟು ಸರಿಸಿಕೊಳ್ಳಬೇಕು. ಇಂಥ ಕೆಲಸಕ್ಕೆ ಒಪ್ಪುವ ಉಳಿಯ ಉದ್ದ, ತೂಕ, ಬಾಯಿಯ ಓರೆ ಇವೆಲ್ಲವೂ ಹಿಡಿಯುವವನ ಮೈಕಟ್ಟನ್ನು ಅವಲಂಬಿಸಿದ್ದುದರಿಂದ, ಸಿದ್ಧವಾದ ಉಳಿಯನ್ನು ಕೊಂಡು ತಂದರೆ ಸಾಲದು. ತನ್ನ ಕೈಗೆ ಒಗ್ಗುವಂತೆ ಅದನ್ನು ಮಾಡಿಸಿಕೊಳ್ಳಲೇಬೇಕಿತ್ತು.

ಹಲ್ಲು ಸವೆದ ಹಳೆಯ ಅರವು ಇಂಥ ಉಳಿಗೆ ಉತ್ತಮ ದ್ರವ್ಯ. ಅರದ ಉಕ್ಕಿನಲ್ಲಿ ಇಂಗಾಲದ ಅಂಶ ಹೆಚ್ಚಾದ್ದರಿಂದ ಅದರ ಬಾಯಿ ಬಹುಕಾಲ ಹರಿತವಾಗಿ ನಿಲ್ಲುವುದು. ಆದರೆ ಹಲ್ಲುಗಳ ಗುರುತು ಉಳಿದರೆ ಅಲ್ಲಿಂದಲೇ ಬಿರುಕು ಹುಟ್ಟುವುದಾದ್ದರಿಂದ ಮೊದಲು ಅದನ್ನು ನುಣ್ಣಗೆ ಸಾಣೆ ಹಿಡಿಯಬೇಕು. ಬಳಿಕ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ಬೇಕಾದ ಓರೆಯನ್ನು ತಂದು, ಮತ್ತೆ ಕಾಯಿಸಿ ಅದ್ದಿ ಹದ ಕೊಟ್ಟರೆ ಉಕ್ಕು ಗಾಜಿನಂತೆ ಗಡುಸಾಗುವುದು. ಈ ಸ್ಥಿತಿಯಲ್ಲಿ ಉಳಿ ಕೈಜಾರಿ ನೆಲಕ್ಕೆ ಬಿದ್ದರೂ ಮುರಿದೀತು. ಆದುದರಿಂದ ಒಂದು ಬದಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಮೃದುವಾದ ಕಾವಿನ ಮೇಲೆ ಹಿಡಿದು, ಹೊಳಪಿನ ಮೇಲೆ ಒಣಹುಲ್ಲಿನ ಬಣ್ಣ ಹರಿಯುವುದನ್ನೇ ಕಾದು, ಅದು ಕಂದುಬಣ್ಣಕ್ಕೆ ತಿರುಗುವ ಮುನ್ನ ನೀರಿಗೆ ಇಳಿಸಬೇಕು. ಆ ಬಣ್ಣ ಮೂಡುವುದು 230 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೆಂದು ಪುಸ್ತಕಗಳು ಹೇಳುವುವು. ಕಮ್ಮಾರನಿಗೆ ಅವನ ಕಣ್ಣೇ ಪ್ರಮಾಣ. ಲಾರಿಯ ಸವೆದ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಉಳಿಯ ಹರಿತ ಅಷ್ಟು ದಿನ ನಿಲ್ಲದಿದ್ದರೂ, ಹೊಡೆತವನ್ನು ಅದು ಹೆಚ್ಚು ತಾಳುವುದು.

ಕಡೆಯುವ ಮರವೂ ಇಂಥ ಪರಿಕರಕ್ಕೆ ಅನುಕೂಲವಾಗಿತ್ತು. ದಂತವರ್ಣದ, ಒತ್ತಾದ ಎಳೆಯ ಆಲೆಮರವು ಚೆನ್ನಾಗಿ ಆರಿದ ಮೇಲೆ ಸರಾಗವಾಗಿ ಕಡೆಯಬರುವುದು. ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಘರ್ಷಣೆಯ ಕಾವಿಗೇ ಅರಗು ಕರಗಿ ಹತ್ತುವುದು, ತಾಳೆ ಗರಿಯಿಂದ ಒರಸಿದರೆ ಮಿರುಗುವುದು.

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಬಾವಾಸ್ ಮಿಯಾ ಎಂಬುವರು ಗೊಂಬೆ ತಯಾರಿಕೆಯ ಜಪಾನಿನ ವಿಧಾನಗಳನ್ನು ಇಲ್ಲಿ ಅಳವಡಿಸಿದರು; ಕ್ರಮೇಣ ವಿದ್ಯುತ್ ಮೋಟಾರಿನ ಲೇತುಗಳು ಬಂದುವು. ಮರವು ಒಂದೇ ದಿಕ್ಕಿಗೆ ಎಡೆಬಿಡದೆ ತಿರುಗತೊಡಗಿತು, ಕುಶಲಿಯ ಎರಡೂ ಕೈಗಳು ಉಳಿಗೆ ದೊರೆತುವು. ಆದರೆ ವೇಗ ಹೆಚ್ಚಿದುದರಿಂದ ಹಳೆಯ ಉಳಿಯ ಬಾಯಿಯನ್ನೂ ಹಿಡಿಯನ್ನೂ ಹೊಸದಾಗಿ ಚಿಂತಿಸಬೇಕಾಯಿತು. ಮರದ ತುಂಡಿನ ತುದಿಯನ್ನು ಬಡಿದು ಸಿಕ್ಕಿಸುವ ಲೋಹದ ಬಟ್ಟಲಿನಂಥ ಹಿಡಿಕೆಯೂ ಆಯಾ ಕೆಲಸದ ಅಳತೆಗೆ ತಕ್ಕಂತಿರಬೇಕು.

ಪರಿಕರವನ್ನು ತನ್ನ ಕೆಲಸಕ್ಕೆ ತಕ್ಕಂತೆ ರೂಪಿಸಿಕೊಳ್ಳುವ ಈ ರೂಢಿ ಯಂತ್ರಗಳ ಲೋಕದಲ್ಲೂ ಉಂಟು. ಅರವತ್ತು ಕಿಲೋಮೀಟರು ಆಚೆಯ ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಮುಂದೆ ಮಿಲ್ಲಿಂಗ್ ಯಂತ್ರಗಳನ್ನೂ ತಯಾರಿಸಿತು. ಮಿಲ್ಲಿಂಗಿನಲ್ಲಿ ಕಟ್ಟರು ತಿರುಗುವುದು, ಲೇತಿನಲ್ಲಿ ಕೆಲಸದ ತುಂಡು ತಿರುಗುವುದು. ಆದರೂ ಮನೆಯ ಮೂಲೆಯಲ್ಲಿ ಒಂದು ಸಣ್ಣ ಮಿಲ್ಲಿಂಗ್ ಯಂತ್ರವನ್ನು ಇಟ್ಟುಕೊಂಡು, ದುಬಾರಿ ಕಟ್ಟರಿನ ಬದಲು ಒಂದೇ ಹಲ್ಲಿನ ಕಟ್ಟರನ್ನು ತಾನೇ ಸಾಣೆ ಹಿಡಿದುಕೊಳ್ಳುವ ಹವ್ಯಾಸಿಯು ಚನ್ನಪಟ್ಟಣದ ಕುಶಲಿಯ ಸಮೀಪದ ಬಂಧು.

ಗೊಂಬೆಗಳಿಗೆ 2005-06ರ ಸಾಲಿನಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಉಳಿಗಳಾದರೋ ಕುಶಲಿಯು ಕಣ್ಮುಚ್ಚಿದೊಡನೆ ಹಳೆಯ ಕಬ್ಬಿಣದವನ ತಕ್ಕಡಿಯನ್ನು ಸೇರುವುವು. ಚನ್ನಪಟ್ಟಣಕ್ಕೆ ಹೋಗುವ ಓದುಗರು ಗೊಂಬೆಯೊಂದನ್ನು ಕೊಳ್ಳುವಾಗ ಅದನ್ನು ಕಡೆದ ಉಳಿಯನ್ನೂ ತೋರಿಸುವಂತೆ ಕೇಳಲಿ. ವಸ್ತುಸಂಗ್ರಹಾಲಯಗಳು ಗೊಂಬೆಯ ಪಕ್ಕದಲ್ಲಿ ಆ ಉಳಿಗೂ ಒಂದು ಸ್ಥಾನವನ್ನು ಕೊಡಲಿ.